19ರಲ್ಲಿ 13 ಜನ ನಮ್ಮವರೇ, ಆದರೂ ನೀರಿನ ಮೀಟರ್ ಪಾಸಾಗಲು ಹತ್ತು ತಿಂಗಳು: ನನ್ನ ಅನುಭವ

"ಮೇಡಂ, ಮೀಟರ್ ಒಂದು ಬಿಡಿ, ಬೇರೆ ಎಂತ ಬೇಕಾದರೂ ಮಾಡುವ." ನಾನು ನಮ್ಮ ಗ್ರಾಮ ಪಂಚಾಯತಿನ ಅಧ್ಯಕ್ಷೆಯಾದ ಹೊಸತರಲ್ಲಿ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಹೇಳಿದ ಮಾತು ಇದು. ಪಕ್ಕದ ಪಂಚಾಯತಿನ ಮಾಜಿ ಅಧ್ಯಕ್ಷರೊಬ್ಬರು ಇನ್ನೂ ನೇರವಾಗಿ ಹೇಳಿದರು. "ಅಕ್ಕ, ಮೆಜಾರಿಟಿ ಉಂಟು ಅಂತ ಧೈರ್ಯ ಮಾಡಬೇಡಿ. ನಲ್ಲಿಗೆ ಮೀಟರ್ ಅಂದ ದಿನ ಆ ಮೆಜಾರಿಟಿ ಇರುವುದಿಲ್ಲ." ಇವತ್ತು ನಮ್ಮ 620 ಚಿಲ್ಲರೆ ನಲ್ಲಿಗಳಲ್ಲಿ 580ರಷ್ಟಕ್ಕೆ ಮೀಟರ್ ಕೂತಿದೆ, ಬಿಲ್ಲೂ ಬರುತ್ತಿದೆ. ಉಡುಪಿ ಜಿಲ್ಲೆಯ ಕಾಪು ಕಡೆಯ ಮೂರ್ನಾಲ್ಕು ಪಂಚಾಯತಿನವರು ಬಂದು ನೋಡಿಕೊಂಡು ಹೋದರು. ಎಲ್ಲರಿಗೂ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

2023ರಲ್ಲಿ, ಪಂಚಾಯತಿನ ಎರಡನೇ ಎರಡೂವರೆ ವರ್ಷದ ಅವಧಿಗೆ ನಾನು ಅಧ್ಯಕ್ಷೆಯಾದೆ. ಆ ವರ್ಷ ಜೂನ್ ಎರಡನೇ ವಾರದ ತನಕ ಮಳೆ ಇರಲಿಲ್ಲ, ನೆನಪಿದೆ ಅಲ್ವಾ? ಟ್ಯಾಂಕರ್‌ಗೆ ಮಾತ್ರ ನಾಲ್ಕೂವರೆ ಲಕ್ಷ ಹೋಗಿತ್ತು. ತಿಂಗಳಿಗೆ ನಲ್ಲಿಗೆ 100 ರೂಪಾಯಿ. 62 ಸಾವಿರ ಬರಬೇಕಾದಲ್ಲಿ ಬರುತ್ತಿದ್ದದ್ದು 40 ಸಾವಿರದ ಆಸುಪಾಸು. ಪಂಪಿನ ಕರೆಂಟ್ ಬಿಲ್ಲೇ 70 ಸಾವಿರ ದಾಟುತ್ತಿತ್ತು. ಪಂಪ್ ಚಾಲಕರ ಸಂಬಳ ಬೇರೆ. 15ನೇ ಹಣಕಾಸು ಆಯೋಗದ ನಿರ್ಬಂಧಿತ (ನೀರು, ನೈರ್ಮಲ್ಯಕ್ಕೇ ಮೀಸಲಾದ) ಅನುದಾನ ಇತ್ತಲ್ಲ ಅಂತ ಕೇಳಬೇಡಿ. ಅದು ಎಲ್ಲಿಗೆ ಹೋಗಿ ಮುಗಿಯುತ್ತಿತ್ತು ಅಂತ ನಿಮಗೂ ಗೊತ್ತು.

ಸೆಪ್ಟೆಂಬರ್ ಸಭೆಗೆ ನಾನು ಎಲ್ಲವನ್ನೂ ಒಟ್ಟಿಗೆ ಇಟ್ಟೆ. ಮೀಟರ್, ಹೊಸ ನೀರಿನ ದರ, ಕಸ ಸಂಗ್ರಹದ ಶುಲ್ಕ, ಮನೆ ತೆರಿಗೆ ಪರಿಷ್ಕರಣೆ. 19 ಸದಸ್ಯರಲ್ಲಿ 13 ಜನ ನಮ್ಮವರು, ಹೆದರಿಕೆ ಯಾಕೆ ಅಂತ. ಆ ದಿನ ವಿರೋಧದವರು ಆರು ಜನರೂ ಬಂದರು. ನಮ್ಮವರು ಬಂದದ್ದು ಏಳು, ನನ್ನನ್ನೂ ಸೇರಿಸಿ. ಯಾರೂ "ಬೇಡ" ಅನ್ನಲಿಲ್ಲ. ನಮ್ಮವರೇ ಒಬ್ಬರು ಎದ್ದು, "ಒಳ್ಳೆ ವಿಷಯ, ಮುಂದಿನ ಸಭೆಗೆ ಇಡುವ" ಅಂದರು. ಎಲ್ಲರೂ ತಲೆ ಆಡಿಸಿದರು. ನಡಾವಳಿಯಲ್ಲಿ ಒಂದೇ ಸಾಲು: ಮುಂದೂಡಲಾಗಿದೆ.

ನಮ್ಮಲ್ಲಿ ನಿರ್ಣಯ ಸೋಲುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಇದು ಅರ್ಥವಾಗಲು ನನಗೆ ಎರಡು ಸಭೆ ಬೇಕಾಯಿತು. ಕೋರಂಗೆ, ಅಂದರೆ ಸಭೆ ನಡೆಯಲು, ಹತ್ತು ಜನ ಬೇಕು. ನವೆಂಬರ್‌ನಲ್ಲಿ ಬಂದದ್ದು ಒಂಬತ್ತು. ಅರ್ಧ ಗಂಟೆ ಕಾದೆವು. ಒಬ್ಬ ಸದಸ್ಯರ ಬೈಕ್ ಎದುರಿನ ಹೋಟೆಲಿನ ಮುಂದೆ ನಿಂತದ್ದು ನನಗೆ ಕಿಟಕಿಯಿಂದಲೇ ಕಾಣುತ್ತಿತ್ತು. ಫೋನ್ ಮಾಡಿದರೆ, "ಅಕ್ಕ, ಮಂಗಳೂರಲ್ಲಿದ್ದೇನೆ."

ಶಾಸಕರಿಗಾದರೆ ಹೀಗೇ ಮತ ಹಾಕಿ ಅಂತ ಪಕ್ಷ ಕೊಡುವ ವಿಪ್ ಉಂಟು, ಪಕ್ಷಾಂತರ ಕಾಯ್ದೆಯ ಹೆದರಿಕೆ ಉಂಟು. ನಮ್ಮ ಚುನಾವಣೆಗೆ ಪಕ್ಷದ ಚಿಹ್ನೆಯೇ ಇಲ್ಲ. ಎಲ್ಲರೂ "ಬೆಂಬಲಿತರು" ಮಾತ್ರ. ವಿಪ್ ಕೊಡುವವರು ಯಾರು? ದೊಡ್ಡವರ ಪಾಡೂ ಸುಲಭ ಇಲ್ಲ ಅನ್ನಿ. 2024ರ ಫೆಬ್ರವರಿಯಲ್ಲಿ, 135 ಸ್ಥಾನ ಗೆದ್ದು ಬಂದ ಸರ್ಕಾರದ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ ವಿಧಾನ ಪರಿಷತ್ತಿನಲ್ಲಿ ಬಿದ್ದುಹೋಯಿತು. ಆಮೇಲೆ ಮತ್ತೆ ತಂದು ಪಾಸು ಮಾಡಿಸಿಕೊಂಡರು. ಆದರೆ ಅಲ್ಲಿ ಮೇಲ್ಮನೆಯಲ್ಲಿ ಅವರಿಗೆ ಬಹುಮತ ಇರಲಿಲ್ಲ, ಕಾರಣ ಕಣ್ಣಿಗೆ ಕಾಣುವಂಥದ್ದು. ನಮಗೆ ಇರುವುದು ಒಂದೇ ಸಭೆ, ಅದರಲ್ಲಿ ಬಹುಮತವೂ ಉಂಟು. ಆ 13 ಜನ ನನ್ನನ್ನು ಅಧ್ಯಕ್ಷೆ ಮಾಡಲು ಓಟು ಹಾಕಿದ್ದರು, ಮೀಟರಿಗೆ ಅಲ್ಲ. ಅಷ್ಟೇ ವಿಷಯ.

2024ರ ಜನವರಿಯಲ್ಲಿ ಹಠ ಹಿಡಿದು ಪಾಸು ಮಾಡಿಸಿದೆ. ಬಂದದ್ದು 11 ಜನ, ಪರವಾಗಿ ಏಳು. ಗೆದ್ದೆ ಅಂದುಕೊಂಡು ಸ್ವಂತ ನಿಧಿಯಿಂದ 60 ಮೀಟರ್ ತರಿಸಿದೆ. ಒಂದಕ್ಕೆ 1,400ರ ಲೆಕ್ಕ, 84 ಸಾವಿರ. ಪ್ಲಂಬರ್ ಮೊದಲ ದಿನ ಹೋದ ಐದು ಮನೆಗಳಲ್ಲಿ ನಾಲ್ಕು ಮನೆಯವರು ಗೇಟೇ ತೆಗೆಯಲಿಲ್ಲ. "ನಮ್ಮ ಮೆಂಬರು ಹಾಕಿಸಬೇಡಿ ಅಂದಿದ್ದಾರೆ." ಆ ಮೆಂಬರು ನಿರ್ಣಯದ ಪರ ಕೈ ಎತ್ತಿದವರೇ. ಅಷ್ಟರಲ್ಲಿ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಬಂತು. ಮೀಟರ್ ಪೆಟ್ಟಿಗೆಗಳು ಸ್ಟೋರ್ ರೂಮಿನಲ್ಲಿ ಬ್ಲೀಚಿಂಗ್ ಪೌಡರ್ ಚೀಲದ ಪಕ್ಕದಲ್ಲೇ ಬಿದ್ದಿದ್ದವು. ಆಡಿಟ್‌ನಲ್ಲಿ ಅದಕ್ಕೆ ಆಕ್ಷೇಪಣೆಯೂ ಬಂತು. ಆ ಎರಡು ತಿಂಗಳು ನನಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ನಮ್ಮವರು, ಅವರವರು ಅಂತ ಬರೆಯಲಿಲ್ಲ. ಪ್ರತಿ ಸದಸ್ಯರ ಹೆಸರಿನ ಎದುರು ಅವರ ವಾರ್ಡಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಬಾವಿ ಉಂಟು, ಬೇಸಿಗೆಯಲ್ಲಿ ಬಾವಿಗೆ ಉಪ್ಪು ಬರುತ್ತದಾ, ಇಷ್ಟೇ. ಪಂಪ್ ಚಾಲಕರ ಜೊತೆ ಮೂರು ದಿನ ಬೆಳಿಗ್ಗೆ ಐದೂವರೆಗೆ ಹೋಗಿ ವಾಲ್ವ್ ತಿರುಗಿಸುವುದನ್ನು ನೋಡಿದೆ. ಚಿತ್ರ ಪೂರ್ತಿ ಬೇರೆಯೇ ಇತ್ತು. ಲೈನಿನ ಕೊನೆಯ ವಾರ್ಡುಗಳ ನಾಲ್ಕು ಸದಸ್ಯರು ವಿರೋಧದವರು. ಅವರ ಜನರಿಗೆ ನೀರೇ ತಲುಪುತ್ತಿರಲಿಲ್ಲ, ಮೀಟರ್ ಬಂದರೆ ಲಾಭ ಅವರಿಗೇ. ಟ್ಯಾಂಕಿಯ ಬುಡದ ವಾರ್ಡುಗಳ ಐದು ಜನ ನಮ್ಮವರು. ನನ್ನ ಕಾಲು ಹಿಡಿದು ಎಳೆಯುತ್ತಿದ್ದವರು ಅವರೇ.

ಅವರಲ್ಲಿ ಒಬ್ಬರ ಮನೆಗೆ ಬೆಳಿಗ್ಗೆ ಆರೂವರೆಗೆ ಹೋದೆ. ಅಂಗಳದಲ್ಲಿ ಮೂವತ್ತು ಮಲ್ಲಿಗೆ ಗಿಡ. ಅವರು, ಅತ್ತೆ ಇಬ್ಬರೂ ಮೊಗ್ಗು ಕೊಯ್ಯುತ್ತಿದ್ದರು. ನಾನೂ ಕೈ ಹಾಕಿದೆ. ಜಗಲಿಯಲ್ಲಿ ಕೂತು ಬಾಳೆ ನಾರಿನಲ್ಲಿ ಕಟ್ಟುತ್ತ ಅವರು ಹೇಳಿದರು. "ಅಕ್ಕ, ನಿಮಗೆ ಎದುರು ಮಾತಾಡಲಿಕ್ಕೆ ನನಗೆ ಮನಸ್ಸಿಲ್ಲ. ಆದರೆ ಮೀಟರ್ ಕೂತರೆ ಈ ಗಿಡಕ್ಕೆ ನೀರು ಎಲ್ಲಿಂದ? ನನ್ನ ವಾರ್ಡಿನಲ್ಲಿ ನಲ್ವತ್ತು ಮನೆ ಇದರಲ್ಲೇ ಮಕ್ಕಳ ಫೀಸು ಕಟ್ಟುವುದು." ಅಲ್ಲಿಯ ತನಕ ಒಬ್ಬರಾದರೂ ಸಭೆಯಲ್ಲಿ ಈ ಮಾತು ಹೇಳಿರಲಿಲ್ಲ. ಮಲ್ಲಿಗೆ ಅಟ್ಟೆಗೆ (ಕಟ್ಟಿದ ಮಲ್ಲಿಗೆ ಮಾರುವ ಅಳತೆ) ಎಷ್ಟು ಸಿಗುತ್ತದೆ ಅಂತ ದಿನಾ ಕೇಳುವ ನನಗೂ ಹೊಳೆದಿರಲಿಲ್ಲ.

ಅಲ್ಲೇ ಲೆಕ್ಕ ಹಾಕಿದೆವು. ಕೇಂದ್ರದ ಜಲ ಜೀವನ ಮಿಷನ್ ಯೋಜನೆಯ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ ತಿಂಗಳಿಗೆ 8,250. ದರಪಟ್ಟಿಯಲ್ಲಿ ನಾನು ಇಟ್ಟಿದ್ದ ಮೊದಲ ಹಂತ 8,000 ಲೀಟರ್. ಮೂವತ್ತು ಗಿಡಕ್ಕೆ ದಿನಕ್ಕೆ ನಾಲ್ಕೈದು ಲೀಟರ್ ಅಂದರೂ ಮತ್ತೆ ನಾಲ್ಕು ಸಾವಿರ ಬೇಕು. ಮೊದಲ ಹಂತವನ್ನು 12,000ಕ್ಕೆ ಏರಿಸಿದೆ, ದರ ಹಳೆಯ 100 ರೂಪಾಯಿಯೇ. ಅದರ ಮೇಲಿನ ನೀರಿಗೆ ದರ ಜೋರು ಮಾಡಿದೆ. ಅಡಿಕೆ ತೋಟಕ್ಕೆ ನಲ್ಲಿ ಪೈಪು ಬಿಡುವವರಿಗೆ ಮಾತ್ರ ಅದು ತಾಗುತ್ತದೆ. ಕಸದ ಶುಲ್ಕ, ತೆರಿಗೆ ಎರಡನ್ನೂ ಪಟ್ಟಿಯಿಂದ ತೆಗೆದೆ. ನೋವಾಯಿತು, ಆದರೂ ತೆಗೆದೆ.

ನಡುವೆ ಒಂದು ಪ್ರಯೋಗ ಮಾಡಿದೆವು. ಸ್ಟೋರಿನಲ್ಲಿದ್ದ ಮೀಟರ್‌ಗಳಲ್ಲಿ ಮೊದಲನೆಯದು ನನ್ನ ಮನೆಗೆ, ಮತ್ತೆ ಕೆಲವು ಒಪ್ಪಿದ ಸದಸ್ಯರ ಮನೆಗೆ. ಬಿಲ್ ಇಲ್ಲ, ತಿಂಗಳ ಕೊನೆಗೆ ಲೀಟರ್ ಬರೆದ ಚೀಟಿ ಮಾತ್ರ. ಒಬ್ಬ ಹಿರಿಯ ಸದಸ್ಯರ ಮನೆಯಲ್ಲಿ 31 ಸಾವಿರ ಬಂತು. ನೋಡಿದರೆ ಮಾಡಿನ ಮೇಲಿನ ಟ್ಯಾಂಕಿನ ಬಾಲ್ ವಾಲ್ವ್ ಹೋಗಿ ರಾತ್ರಿಯಿಡೀ ಸೋರುತ್ತಿತ್ತು. ಇನ್ನೂರು ರೂಪಾಯಿಯ ಸಾಮಾನು. ಆ ದಿನದಿಂದ ಮೀಟರ್ ಪರ ಅವರೇ ಭಾಷಣ ಶುರು ಮಾಡಿದರು. ಟ್ಯಾಂಕಿಗೆ ಸೆನ್ಸರ್ ಹಾಕುವ ಇನ್ನೊಂದು ಪ್ರಯೋಗವೂ ಮಾಡಿದ್ದೆವು. ಸಿಡಿಲಿಗೆ ಹೋಯಿತು, 18 ಸಾವಿರ ನೀರಿಗೆ ಬಿತ್ತು. ಕರಾವಳಿಯಲ್ಲಿ ಅದನ್ನು ಮಾಡಲಿಕ್ಕೆ ಹೋಗಬೇಡಿ.

ಇನ್ನು ಸಭೆಯ ದಿನ. ಇದು ನನ್ನ ಹೆಮ್ಮೆಯ ಲೆಕ್ಕ. ನವೆಂಬರ್‌ನಿಂದ ಮೇ ತನಕ ನಮ್ಮಲ್ಲಿ ಭೂತ ಕೋಲ, ಯಕ್ಷಗಾನ ಮೇಳದ ಆಟ, ಕಂಬಳ, ಮದುವೆ. ಯಾರಿಗೂ ಒಂದು ಕಾರಣ ಸಿಕ್ಕೇ ಸಿಗುತ್ತದೆ. ಏಪ್ರಿಲ್‌ನಲ್ಲಿ ನೀರಿನ ಮಾತು ಎತ್ತಿದರೆ ಟ್ಯಾಂಕರ್ ಬಿಟ್ಟು ಬೇರೆ ಚರ್ಚೆಯೇ ಇಲ್ಲ. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಶುಭಕಾರ್ಯ ಇಲ್ಲ, ಗದ್ದೆಯಲ್ಲಿ ನೇಜಿ ನೆಡುವ ಕೆಲಸ ಮುಗಿದಿರುತ್ತದೆ. ನಮ್ಮ ಇಬ್ಬರು ಸದಸ್ಯರು ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಮೀನುಗಾರಿಕೆ ನಿಷೇಧ ಜುಲೈ 31ರ ತನಕ ಇರುವುದರಿಂದ ಅವರೂ ಮನೆಯಲ್ಲೇ. ಜುಲೈ ಕೊನೆಯ ವಾರ ಸಭೆ ಇಟ್ಟೆ. ಜೋರು ಮಳೆ, ಆದರೂ ಹಾಜರಿ ಪುಸ್ತಕದಲ್ಲಿ 18 ಸಹಿ. ಸೂಚಕರು ವಿರೋಧದ ಕೊನೆ ವಾರ್ಡಿನ ಸದಸ್ಯರು, ಅನುಮೋದಕರು ಮಲ್ಲಿಗೆ ಅಂಗಳದ ಅವರು. ಹೀಗೆ ಮಾಡಿದ್ದಕ್ಕೆ ನಮ್ಮ ಪಕ್ಷದ ಕೆಲವರಿಗೆ ನನ್ನ ಮೇಲೆ ಇವತ್ತಿಗೂ ಸಿಟ್ಟು ಉಂಟು. ನಿರ್ಣಯದ ಪರ 15, ವಿರೋಧ ಮೂರು. ಆ ಮೂವರೂ ನಮ್ಮವರೇ.

ಅಜೆಂಡಾದಲ್ಲಿ ಇದನ್ನು ಎಷ್ಟನೇ ವಿಷಯವಾಗಿ ಇಟ್ಟೆ, ಅದರ ಹಿಂದೆ ಮುಂದೆ ಯಾವುದನ್ನು ಇಟ್ಟೆ ಅಂತ ಇಲ್ಲಿ ಬರೆಯುವುದಿಲ್ಲ. ನಮ್ಮ ಸದಸ್ಯರೂ ಓದುತ್ತಾರೆ, ನನಗೆ ಇನ್ನೂ ಸಭೆಗಳಿವೆ. ಎದುರು ಸಿಕ್ಕಿದರೆ ಹೇಳುತ್ತೇನೆ.

ಈಗ ತಿಂಗಳಿಗೆ 90 ಸಾವಿರದ ಹತ್ತಿರ ವಸೂಲಿ. 2025ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ 60 ಸಾವಿರ ಕೂಡ ಆಗಲಿಲ್ಲ. ಆ ವರ್ಷ ಮೇ ಕೊನೆಗೇ ಮಳೆ ಹಿಡಿಯಿತು, ಅದರ ಪಾಲೂ ಅದರಲ್ಲಿ ಉಂಟು. ಆದರೆ ಕೊನೆಯ ವಾರ್ಡಿಗೆ ಮಾರ್ಚ್‌ನಲ್ಲೂ ನೀರು ಹೋಯಿತು. ಅದು ಮಳೆಯಿಂದ ಆದದ್ದಲ್ಲ.

ಕಸದ ಶುಲ್ಕ ಇನ್ನೂ ಪಾಸಾಗಿಲ್ಲ. ಮೂರು ಸಲ "ಮುಂದಿನ ಸಭೆಗೆ" ಹೋಗಿದೆ. ನೋಟ್‌ಬುಕ್‌ನಲ್ಲಿ ಅದಕ್ಕೂ ಒಂದು ಪುಟ ಮಾಡಿದ್ದೇನೆ. ಏಳು ಹೆಸರಿನ ಎದುರು ಕಾರಣ ಬರೆದಾಗಿದೆ, ಇನ್ನು ಹನ್ನೊಂದು ಮನೆಗೆ ಹೋಗಬೇಕು.