ಊರಿಗೆ ಮರಳುವ ಮುನ್ನ: ಬಿಲ್ಲಿನ ಹಿಂದೆ ಎರಡು ಸಾಲು

ಹೊರದೇಶದ ವಾಸ ಮುಗಿಸಿ ದಾವಣಗೆರೆಗೆ ಮರಳಲಿರುವವರು ಕೊನೆಯ ಮೂರು ವಾರ ಪ್ರತಿ ರಾತ್ರಿ ಆ ದಿನದ ಒಂದು ಅಂಗಡಿ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಎರಡೇ ಸಾಲು ಬರೆದಿಡಿ. ತಾರೀಖು, ಗಂಟೆ, ಬೆಲೆ ಎಲ್ಲವೂ ಅದರಲ್ಲೇ ಅಚ್ಚಾಗಿರುತ್ತದೆ; ನೀವು ಬರೆಯಬೇಕಾದದ್ದು ಅದು ಹೇಳಲಾರದ್ದನ್ನು ಮಾತ್ರ: "ಗಲ್ಲಾದಲ್ಲಿದ್ದ ಅಜ್ಜಿ ಇಂದು ಮೊದಲ ಸಲ ನನ್ನ ಹೆಸರು ಕೇಳಿದರು." ಹೆಸರಾಂತ ಸ್ಥಳಗಳ ಫೋಟೊ ಎಲ್ಲರ ಬಳಿಯೂ ಇರುತ್ತದೆ, ದಿನವೂ ಹೋಗುತ್ತಿದ್ದ ಹಾಲಿನಂಗಡಿಯದು ಇರುವುದಿಲ್ಲ. ಊರಿಗೆ ಬಂದು ಬೆಣ್ಣೆ ದೋಸೆ, ನೆಂಟರ ಮನೆ ಎಂದು ಓಡಾಡುವಷ್ಟರಲ್ಲಿ ಮೊದಲು ಮಾಸುವುದು ಇಂಥವೇ. ಆದರೆ ಎಚ್ಚರ, ಹೆಚ್ಚಿನ ಬಿಲ್ಲುಗಳು ಥರ್ಮಲ್ ಕಾಗದದವು. ಅದರಲ್ಲಿ ಶಾಯಿ ಇರುವುದಿಲ್ಲ, ಶಾಖಕ್ಕೆ ಕಪ್ಪಾಗುವ ಲೇಪನವಷ್ಟೇ. ನಮ್ಮ ಏಪ್ರಿಲ್ ಬಿಸಿಲಿಗೆ ಕಾದ ಬೀರುವಿನಲ್ಲಿಟ್ಟರೆ ಅಕ್ಷರ ಉಳಿಯುವುದಿಲ್ಲ, ಪ್ಲಾಸ್ಟಿಕ್ ಕವರೂ ಒಳ್ಳೆಯದಲ್ಲ. ಅಂದೇ ಎರಡೂ ಬದಿಯ ಫೋಟೊ ತೆಗೆದು ಕಾಗದದ ಲಕೋಟೆಯಲ್ಲಿಡಿ. ಸೂಟ್‌ಕೇಸ್ ತೂಗುವ ಕೊನೆಯ ನಾಲ್ಕು ದಿನ ಇದು ಖಂಡಿತ ನಡೆಯುವುದಿಲ್ಲ. ಆಗ ಊರಿನಲ್ಲಿರುವ ಅಮ್ಮನೋ ಅಕ್ಕನೋ ಫೋನಿನಲ್ಲಿ "ಇವತ್ತು ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿ, ಹೇಳಿದ್ದನ್ನು ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆದುಕೊಳ್ಳಲಿ.