ನಂದಿದುರ್ಗದ ಮುತ್ತಿಗೆಯನ್ನು ಒಂದು ಹಲಗೆಯ ಮೇಲೆ ಕಟ್ಟುವ ಬಗೆ

ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯವು ನಂದಿದುರ್ಗವನ್ನು ಸುಮಾರು ಮೂರು ವಾರ ಮುತ್ತಿ, 1791ರ ಅಕ್ಟೋಬರ್ 18ರ ರಾತ್ರಿ ಚಂದ್ರ ಮೂಡುವ ಹೊತ್ತಿಗೆ ಲಗ್ಗೆ ಹತ್ತಿ, ಬೆಳಗಾಗುವುದರೊಳಗೆ ಕೋಟೆಯನ್ನು ಹಿಡಿಯಿತು. ಇದನ್ನು 1/72 ಅಳತೆಯ ಗೊಂಬೆಗಳಲ್ಲಿ ತೋರಿಸಲು ಹೊರಟವರು ಸಾಮಾನ್ಯವಾಗಿ ಇಡೀ ಬೆಟ್ಟಕ್ಕೇ ಕೈ ಹಾಕುತ್ತಾರೆ. ತಪ್ಪಲಿನಿಂದ ನೆತ್ತಿಗೆ 500 ಮೀಟರಿನ ಏರು ಎಂದು ಹಿಡಿದರೂ ಈ ಅಳತೆಯಲ್ಲಿ ಅದು ಏಳು ಮೀಟರ್ ಆಗುತ್ತದೆ. ಚಿಕ್ಕಬಳ್ಳಾಪುರದ ಯಾವ ಮನೆಯ ಪಡಸಾಲೆಗೂ ಅಷ್ಟು ಎತ್ತರದ ಸೂರಿಲ್ಲ. ಫಿರಂಗಿಗಳು ಗೋಡೆಯನ್ನು ಒಡೆದ ಒಂದು ಮೂಲೆ, ಅದರ ಕೆಳಗಿನ ಬಂಡೆ, ಹತ್ತು ಹನ್ನೆರಡು ಆಳುಗಳು, ಇಷ್ಟನ್ನು 30 ಸೆಂಟಿಮೀಟರ್ ಚೌಕದ ಹಲಗೆಯ ಮೇಲೆ ಕೂರಿಸಿದರೆ ಸಾಕು.

ಈ ಯುದ್ಧಕ್ಕೆಂದೇ ಮಾಡಿದ ಗೊಂಬೆಗಳು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ನೆಪೋಲಿಯನ್ ಕಾಲದ ಬ್ರಿಟಿಷ್ ಪದಾತಿಗಳನ್ನೇ ತಂದು ಮಾರ್ಪಡಿಸಬೇಕಾಗುತ್ತದೆ. ಅವರ ತಲೆಯ ಮೇಲಿರುವ ಕೊಳವೆಯಾಕಾರದ ಶ್ಯಾಕೊ ಟೋಪಿ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು 1800ರ ಸುಮಾರಿಗೆ. ಅದಕ್ಕೆ ಮೊದಲು ಇಲ್ಲಿನ ಬಿಸಿಲಿಗೆ ಗೋರಾ ಸಿಪಾಯಿಗಳು ಅಗಲ ಅಂಚಿನ ದುಂಡು ಹ್ಯಾಟು ಹಾಕುತ್ತಿದ್ದರು. ಹಾಗಾಗಿ ಶ್ಯಾಕೊವನ್ನು ಹುಬ್ಬಿನ ಮಟ್ಟಕ್ಕೆ ಕೊಯ್ದು, ತೆಳು ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿದ ಬಿಲ್ಲೆಯನ್ನು ಅಂಚಾಗಿ ಅಂಟಿಸಿ, ಮೇಲೆ ಕಡಲೆಕಾಳಿನ ಅರ್ಧದಷ್ಟು ಎಂ-ಸೀಲ್ ಇಟ್ಟು, ಒದ್ದೆ ಬೆರಳಿನಿಂದ ದುಂಡಗೆ ಒತ್ತಬೇಕು. ಎಂ-ಸೀಲ್ ಬೇಗ ಬಿಗಿಯುವುದರಿಂದ ಒಂದು ಸಲಕ್ಕೆ ಎರಡು ತಲೆಗಿಂತ ಹೆಚ್ಚಿಗೆ ಕಲಸಬಾರದು.

ಈ ಗೊಂಬೆಗಳ ಮೆತ್ತನೆಯ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ತಲೆ ಬದಲಿಸುವುದಾದರೆ ಅರ್ಧ ಮಿಲಿಮೀಟರ್ ರಂಧ್ರ ಕೊರೆದು ತಂತಿಯ ಮೊಳೆ ಕೂರಿಸಿಯೇ ಅಂಟಿಸಬೇಕು. ಬರೀ ಅಂಟನ್ನು ನಂಬಿ ನಾನು ನಿಲ್ಲಿಸಿದ್ದ ಒಬ್ಬ ಸುಬೇದಾರನ ರುಂಡ ಬಣ್ಣವೆಲ್ಲ ಮುಗಿದ ಮೇಲೆ ಕಳಚಿ ಬೀರುವಿನಡಿ ಉರುಳಿ ಹೋಯಿತು. ಸಂಕ್ರಾಂತಿಗೆ ಮನೆ ಗುಡಿಸುವಾಗ ಅದು ಸಿಕ್ಕಿತು.

ಮೈಸೂರಿನ ಕಡೆಯವರಿಗೆ ಪೇಟ, ಸಡಿಲ ಇಜಾರ ಇರುವ ಗೊಂಬೆಗಳನ್ನು ಆರಿಸಿಕೊಳ್ಳಬಹುದು. ಹೆಚ್ಚು ಹೊತ್ತು ಬೇಡುವುದು ಟಿಪ್ಪುವಿನ ಪದಾತಿಗಳ ಅಂಗಿಯ ಬಬ್ರಿ ಗುರುತು. ಹುಲಿಪಟ್ಟೆ ಎಂದೊಡನೆ ಉದ್ದುದ್ದ ಗೆರೆ ಎಳೆಯುವವರೇ ಹೆಚ್ಚು. ಅದು ನಡುವೆ ಉಬ್ಬಿ ಎರಡು ತುದಿಯಲ್ಲೂ ಮೊನೆಯಾದ ಚಿಕ್ಕ ಬಿಳಿ ಗುರುತು. ನೇರಳೆ ಬಣ್ಣ ಪೂರ್ತಿ ಒಣಗಿದ ಮೇಲೆ ಅತಿ ಸಣ್ಣ ಕುಂಚದ ತುದಿಯನ್ನು ಒಮ್ಮೆ ಒತ್ತಿ ಎಳೆದುಬಿಟ್ಟರೆ ಆ ಆಕಾರ ತಾನಾಗಿಯೇ ಮೂಡುತ್ತದೆ. ಎದೆಗೆ ಮೂರು ಸಾಲು ಸಾಕು, ನಾಲ್ಕನೆಯದು ಬಿದ್ದರೆ ಅಂಗಿ ಮಾಸಲಾಗಿ ಕಾಣುತ್ತದೆ. ರಾಕೆಟ್ಟಿಗೆ ಪೊರಕೆಕಡ್ಡಿಯೇ ಬಿದಿರು, ಸಣ್ಣ ವೈರಿನ ಮೇಲುಹೊದಿಕೆಯೇ ಕಬ್ಬಿಣದ ಕೊಳವೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತಿದ್ದು, ಅವುಗಳ ಚಿತ್ರಗಳನ್ನು ನೋಡಿಕೊಂಡು ಮಾಡಿದರೆ ಕೊಳವೆಯ ಉದ್ದ 1/72ರಲ್ಲಿ ಮೂರೂವರೆ ಮಿಲಿಮೀಟರ್ ದಾಟಬೇಕಾಗಿಲ್ಲ.

ನೆಲದ ವಿಷಯದಲ್ಲಿ ಸೇರಿಸುವುದಕ್ಕಿಂತ ಬಿಡುವುದೇ ಹೆಚ್ಚಿನ ಕೆಲಸ. ಬೆಟ್ಟಕ್ಕೆ ಹೋಗಿ ಬಂಡೆಯ ಫೋಟೊ ತೆಗೆದುಕೊಳ್ಳಿ, ಮಳೆನೀರು ಇಳಿದು ಕಪ್ಪಾದ ಗೆರೆಗಳನ್ನು ಗಮನಿಸಿ. ಆದರೆ ಲಂಟಾನ ಪೊದೆಯನ್ನು ಹಲಗೆಗೆ ತರಬೇಡಿ, ಅದು ಈ ದೇಶಕ್ಕೆ ಬಂದದ್ದು 19ನೇ ಶತಮಾನದಲ್ಲಿ. ಟಿಪ್ಪುವೇ ನಂದಿಯಲ್ಲಿ ನೀಲಗಿರಿ ಸಸಿ ನೆಡಿಸಿದನೆಂಬ ಮಾತು ಪ್ರಚಾರದಲ್ಲಿದೆ. ಅದನ್ನು ಒಪ್ಪಿದರೂ 1791ರಲ್ಲಿ ಅಲ್ಲಿ ತೋಪು ಬೆಳೆದು ನಿಂತಿರಲು ಸಾಧ್ಯವಿಲ್ಲ. ಕಬ್ಬನ್ನನ ಬಂಗಲೆಯೂ ಆಮೇಲಿನದೇ. ಮಣ್ಣನ್ನು ಟೀ ಸೋಸುವ ಜರಡಿಯಲ್ಲಿ ಸೋಸಿ, ಹಳೆಯ ಬಾಣಲೆಯಲ್ಲಿ ಹುರಿದು, ನೀರು ಬೆರೆಸಿದ ಫೆವಿಕಾಲಿನ ಮೇಲೆ ಉದುರಿಸಿದರೆ ಹುಳು ಬೂಸ್ಟು ಏನೂ ಬರುವುದಿಲ್ಲ. ಮುಂಗಾರು ಕಳೆದ ತಿಂಗಳಾದ್ದರಿಂದ ಬಂಡೆಯ ಸಂದಿಯ ಹುಲ್ಲು ಹಸಿರಾಗಿಯೇ ಇರಲಿ.

ದಾಳಿ ತಿಳಿದೊಡನೆ ಕೋಟೆಯವರು ನೀಲಿ ಬೆಳಕಿನ ಬತ್ತಿಗಳನ್ನು ಹೊತ್ತಿಸಿ, ಗುಂಡು ರಾಕೆಟ್ಟುಗಳ ಜೊತೆಗೆ ದೊಡ್ಡ ಕಲ್ಲುಗಳನ್ನು ಕೆಳಕ್ಕೆ ಉರುಳಿಸಿದರು. ಆದ್ದರಿಂದ ಹ್ಯಾಟಿನ ಅಂಚು, ಭುಜ, ಬಂದೂಕಿನ ಮೇಲ್ಮೈ, ಗೋಡೆಯತ್ತ ತಿರುಗಿದ ಕೆನ್ನೆ, ಇವುಗಳಿಗೆ ಮಾತ್ರ ನೀಲಿ ಬೆರೆತ ಬಿಳಿಯನ್ನು ಒಣ ಕುಂಚದಲ್ಲಿ ಸವರಿ, ಬೆನ್ನಿನ ಭಾಗವನ್ನು ಕಪ್ಪಿಗೆ ಹತ್ತಿರವೇ ಬಿಡಬೇಕು. ಉರುಳುವ ಕಲ್ಲನ್ನು ಇಳಿಜಾರಿಗೆ ನೇರವಾಗಿ ಅಂಟಿಸದೆ ತಂತಿಯ ತುಂಡಿನ ಮೇಲೆ ಕೂದಲೆಳೆಯಷ್ಟು ಎತ್ತಿ ನಿಲ್ಲಿಸಿ, ಅದು ಬಂದ ದಾರಿಯಲ್ಲಿ ಹುಲ್ಲನ್ನು ಕಿತ್ತು ಹಸಿ ಮಣ್ಣಿನ ಗೆರೆಯೊಂದನ್ನು ಬಿಡಿ. ಆ ಗೆರೆ ಇಲ್ಲದಿದ್ದರೆ ಕಲ್ಲು ಬಹಳ ದಿನಗಳಿಂದ ಅಲ್ಲೇ ಬಿದ್ದಿದ್ದಂತೆ ಕಾಣುತ್ತದೆ.