ಪಕ್ಕದ ತೋಟದವರ ಸ್ಪ್ರಿಂಕ್ಲರ್ ಸೆಟ್ ನೈಸಾಗಿ ಕೇಳೋದು ಹೇಗೆ

ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಕೈಕೊಟ್ರೆ ಕೊಡಗಲ್ಲಿ ರೋಬಸ್ಟಾ ಕಾಫಿ ಇರೋರಿಗೆಲ್ಲ ಒಟ್ಟಿಗೇ ಸ್ಪ್ರಿಂಕ್ಲರ್ ಬೇಕು, ಸೊ ಹೋದ ತಕ್ಷಣ ಸೆಟ್ ಕೊಡಿ ಅಂದ್ರೆ ಮುಗೀತು ಕಥೆ.

ಬರೀ "ನಿಮ್ ತೋಟ ಸೂಪರ್ ಅಂಕಲ್" ಅಂದ್ರೆ ಬೆಣ್ಣೆ ಹಚ್ತಿದ್ದಾನೆ ಅಂತ ಗೊತ್ತಾಗ್ಬಿಡುತ್ತೆ. ಅವರು ನಿಜವಾಗ್ಲೂ ಕಷ್ಟಪಟ್ಟಿರೋದನ್ನ ಹುಡುಕಿ ಹೊಗಳಿ, "ಮೆಣಸಿನ ಬಳ್ಳಿ ಎಷ್ಟು ಹಸಿರಾಗಿದೆ, ನಮ್ದು ಸೊರಗು ರೋಗಕ್ಕೆ ಹೋಯ್ತು, ನೀವು ಮಳೆಗೆ ಮುಂಚೆ ಬೋರ್ಡೋ ದ್ರಾವಣ ಯಾವಾಗ ಹೊಡೆಸಿದ್ರಿ?" ಅಂತ ಕೇಳಿ ಸುಮ್ನೆ ಕೂತು ಕೇಳಿಸ್ಕೊಳ್ಳಿ, ಅರ್ಧ ಗಂಟೆ ಆದ್ರೂ ಪರ್ವಾಗಿಲ್ಲ, ಸುಳ್ಳು ಹೊಗಳಿಕೆಗಿಂತ ಒಂದು ಒಳ್ಳೆ ಪ್ರಶ್ನೆ ಜಾಸ್ತಿ ಕೆಲಸ ಮಾಡುತ್ತೆ ಅನ್ನೋದು ನನ್ ಅಭಿಪ್ರಾಯ.

ಆಂಟಿನ ಮರೀಬೇಡಿ, ಎಷ್ಟೋ ಮನೇಲಿ ಡಿಸೈಡ್ ಮಾಡೋದು ಅವರೇ! ಊಟಕ್ಕೆ ಕೂರಿಸಿದ್ರೆ ಪಂದಿಕರಿಗೆ (ಹಂದಿ ಸಾರಿಗೆ) ಹಾಕೋ ಹುಳಿ, ಕಾಚಂಪುಳಿ ಹದ ಸರಿಯಾಗಿದೆ ಅಂತ ಹೇಳಿ ಇನ್ನೆರಡು ಕಡಂಬುಟ್ಟು (ಅಕ್ಕಿ ಉಂಡೆ) ಹಾಕಿಸ್ಕೊಳ್ಳಿ.

ಆಮೇಲೆ "ನಿಮ್ದೆಲ್ಲ ಮುಗಿದ್ಮೇಲೆ ಎರಡು ದಿನ ಸಿಗ್ಬೋದಾ ಅಂಕಲ್, ಡೀಸೆಲ್ ನಂದೇ, ಪೈಪ್ ನಮ್ ಹುಡುಗ್ರೇ ಹೊತ್ಕೊಂಡು ಹೋಗ್ತಾರೆ" ಅನ್ನಿ. ನೋಡೋಣ ಅಂದ್ರೆ ಪೀಡಿಸ್ಬೇಡಿ, ಒಂದಿನ ಬಿಟ್ಟು ಹೋಗಿ.

ವಾಪಸ್ ಕೊಡುವಾಗ ಜೆಟ್ ತೊಳೆದು, ವಾಷರ್ ಹೋಗಿದ್ರೆ ಹೊಸದು ಹಾಕಿ ಕೊಡಿ, ಹೂ ಆಗಿ ಸ್ವಲ್ಪ ದಿನಕ್ಕೆ ಕಾಯಿ ಕಚ್ಚೋಕೆ ಕೊಡೋ ಬ್ಯಾಕಿಂಗ್ ನೀರಿಗೆ ಮತ್ತೆ ಅವರ ಗೇಟ್ ಹತ್ರಾನೇ ನಿಲ್ಬೇಕಲ್ವಾ.